ವೈನಿ ಕೇಳಿದ ಉಪ್ಪು

ಒಂದು ಮಧ್ಯಾಹ್ನ ಶಾಲೆಯಿಂದ ಬೇಗ ಮನೆಗೆ ಬಂದಾಗ ವೈನಿ ಅಡುಗೆಮನೆಯಲ್ಲಿ ನಿಂತು ಹರಳುಪ್ಪು ತಿನ್ನುತ್ತಿದ್ದರು. ಕಲ್ಲುಸಕ್ಕರೆ ಚೀಪುವ ಹಾಗೆ, ಕಣ್ಣು ಮುಚ್ಚಿ. ನನ್ನನ್ನು ಕಂಡು ಬೆಚ್ಚಿಬಿದ್ದು ಸೆರಗಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ ತಾವೇ ನಕ್ಕರು.

"ಯಾಕೋ ಬಾಯಿ ಸಪ್ಪಗಾಗೇತಿ ಯವ್ವಾ. ನಿಮ್ಮವ್ವಗ ಹೇಳಬ್ಯಾಡ."

ವೈನಿ ಅಂದರೆ ಅಣ್ಣನ ಹೆಂಡತಿ. ವಿಜಯಪುರದ ಕಡೆಯವರಾದ ನಾವು ಕರೆಯುವುದೇ ಹಾಗೆ. ಅಪ್ಪ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಕೆಲಸಕ್ಕೆಂದು ಹೈದರಾಬಾದಿಗೆ ಬಂದು, ಕುಷಾಯಿಗೂಡದಲ್ಲಿ ಮೂರು ಕೋಣೆಯ ಮನೆ ಕಟ್ಟಿಸಿ, ನಿವೃತ್ತಿಗೆ ಮೊದಲೇ ತೀರಿಕೊಂಡಿದ್ದರು. ಅಣ್ಣನಿಗೂ ಕಾರ್ಖಾನೆಯಲ್ಲೇ ಶಿಫ್ಟಿನ ಕೆಲಸ. ನಾನು ಮನೆಯಿಂದ ನಡೆದು ಹೋಗುವಷ್ಟು ದೂರದ ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಮನೆಯ ಯಜಮಾನಿಕೆಯೆಲ್ಲ ಅವ್ವನದು. ವೈನಿ ಬಂದು ಆರು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಆ ವಿಷಯವನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಹಾಗೆಂದು ಅದನ್ನು ಮರೆತು ಕೂತ ದಿನವೂ ಇರಲಿಲ್ಲ.

ಉಪ್ಪಿನ ಮಾತನ್ನು ನಾನು ಅವ್ವನಿಗೆ ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಕೆಲವೇ ದಿನಗಳಲ್ಲಿ ವೈನಿ ಮಜ್ಜಿಗೆಗೆ ಮುಷ್ಟಿ ಉಪ್ಪು ಹಾಕಿ ಕುಡಿಯುವುದು, ಉಪ್ಪಿನಕಾಯಿಯ ಭರಣಿಗೆ ಚಮಚೆ ಇಳಿಸಿ ಬರೀ ರಸ ತೆಗೆದು ನೆಕ್ಕುವುದು ಅವ್ವನ ಕಣ್ಣಿಗೂ ಬಿತ್ತು. ಗಾಡಿಯವನು ಕೊಯ್ದು ಕೊಡುವ ಪೇರಲ ಹಣ್ಣಿಗೆ ಹಚ್ಚಿದ ಉಪ್ಪು ಖಾರವನ್ನು ಅವರು ಮೊದಲು ತಿಂದು, ಹಣ್ಣನ್ನು ನನ್ನ ಕೈಗೆ ಕೊಡುತ್ತಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಓಕರಿಕೆ. ಮುಟ್ಟು ನಿಂತು ಎರಡು ತಿಂಗಳಾಗಿತ್ತು.

ಅವ್ವನಿಗೆ ಇನ್ನೇನು ಬೇಕು?

"ಬಯಕಿ ಇದು, ಬಯಕಿ! ನಾನೂ ನಿಮ್ಮಣ್ಣ ಹೊಟ್ಟ್ಯಾಗಿದ್ದಾಗ ಹುಣಸಿಕಾಯಿ ಉಪ್ಪಿನ್ಯಾಗ ಅದ್ದಿ ಅದ್ದಿ ತಿಂತಿದ್ದೆ."

ಅಂದೇ ಪುಂಡಿಪಲ್ಯ ಮಾಡಿ, ಹುಳಿ ಉಪ್ಪು ಮುಂದಾಗಿಸಿ, ತಾನೇ ಕೈಯಾರೆ ಬಡಿಸಿದಳು. ಮುಟ್ಟು ನಿಂತದ್ದರಿಂದ ವೈನಿಯೂ ನಂಬಿದ್ದರು. ಅಣ್ಣ ಡ್ಯೂಟಿಯಿಂದ ಬರುವಾಗ ಉಪ್ಪು ಹಚ್ಚಿ ಹುರಿದ ಶೇಂಗಾ ಕಟ್ಟಿಸಿಕೊಂಡು ಬರುತ್ತಿದ್ದ. ಅವರಿಬ್ಬರೂ ಹೊರಬಾಗಿಲ ಮೆಟ್ಟಿಲ ಮೇಲೆ ಕುಳಿತು ಅದನ್ನು ತಿನ್ನುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಅಣ್ಣ ಅಷ್ಟು ಮಾತಾಡುವವನೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೆಡಿಕಲ್ ಅಂಗಡಿಯಿಂದ ಪರೀಕ್ಷೆಯ ಕಿಟ್ ತಂದವಳು ನಾನೇ. ಒಂದೇ ಗೆರೆ ಬಂತು. ಬೇಗ ನೋಡಿದ್ದಕ್ಕೆ ಹೀಗೆ ಎಂದು ಅವ್ವ ಒಂದು ವಾರ ಕಾಯಿಸಿದಳು. ಮತ್ತೆ ಒಂದೇ ಗೆರೆ. ಕೊನೆಗೆ ಹೆರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಸ್ಕ್ಯಾನ್ ಮಾಡಿ, ಗರ್ಭ ಇಲ್ಲ, ರಕ್ತ ಕಡಿಮೆ ಇದೆ, ಅದಕ್ಕೇ ಮುಟ್ಟು ತಪ್ಪಿರಬಹುದು ಎಂದು ಟಾನಿಕ್ ಬರೆದುಕೊಟ್ಟರು. ಮನೆಗೆ ಬಂದು ಸೀರೆ ಬದಲಾಯಿಸುತ್ತ ಅವ್ವ ಗೋಡೆಗೆ ಹೇಳುವವಳ ಹಾಗೆ ಹೇಳಿದಳು.

"ಬಸುರಿ ಅಲ್ಲ, ಬಾಣಂತಿ ಅಲ್ಲ. ಮತ್ಯಾಕ ಬೇಕು ಈ ಸೋಗು?"

ವೈನಿ ಆಗ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಬಡಿಯುವ ಸಪ್ಪಳ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ಆದರೆ ಬಾಯಿಯ ಬೇಡಿಕೆ ನಿಲ್ಲಲಿಲ್ಲ. ಅದರ ಜೊತೆ ಇನ್ನೊಂದು ವಿಚಿತ್ರವೂ ಸೇರಿಕೊಂಡಿತು. ನಮ್ಮ ಬೀದಿಯಲ್ಲಿ ಕೆಲವು ದಿನ ನಲ್ಲಿ ನೀರು, ಕೆಲವು ದಿನ ಟ್ಯಾಂಕರು, ಎರಡೂ ಇಲ್ಲದಿದ್ದರೆ ಬೋರಿನ ನೀರು. ನನಗೆ ಟ್ಯಾಂಕರು ಮತ್ತು ನಲ್ಲಿಯ ನಡುವೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ವೈನಿ ಒಂದು ಗುಟುಕು ಕುಡಿದು, "ಇದು ಟ್ಯಾಂಕರಿಂದು, ಉಪ್ಪೈತಿ" ಅನ್ನುತ್ತಿದ್ದರು. ಒಮ್ಮೆ ನಾನು ಮೂರು ಲೋಟಗಳಲ್ಲಿ ಮೂರು ನೀರು ಇಟ್ಟು ಪರೀಕ್ಷೆ ಮಾಡಿದೆ. ಮೂರನ್ನೂ ಸರಿಯಾಗಿ ಹೇಳಿದರು. ಇಬ್ಬರೂ ನಕ್ಕೆವು. ನಾಲಗೆ ಅಷ್ಟು ಚುರುಕಾಗಿರುವವರಿಗೆ ಕಮ್ಮಿ ಉಪ್ಪೇ ಸಾಕಾಗಬೇಕಲ್ಲ, ಮುಷ್ಟಿಗಟ್ಟಲೆ ಯಾಕೆ ಬೇಕು ಎಂದು ಗಣಿತದ ಟೀಚರಾದ ನನಗೆ ಹೊಳೆಯಲಿಲ್ಲ.

ವೈನಿ ಸೊರಗುತ್ತಿದ್ದರು. ರವಿಕೆಗಳನ್ನು ಎರಡು ಸಲ ಹೊಲಿದು ಚಿಕ್ಕದು ಮಾಡಿಕೊಂಡರು. ಮೊದಲು ಗೋಧಿ ಬಣ್ಣದವರು, ಈಗ ಮೊಣಕೈ, ಕುತ್ತಿಗೆ, ಬೆರಳ ಗಂಟುಗಳೆಲ್ಲ ಹೊಗೆ ಹಿಡಿದಂತೆ ಕಪ್ಪಾಗಿದ್ದವು. ಮಾಳಿಗೆಯ ಮೇಲೆ ಹಪ್ಪಳ ಒಣಗಿಸಲು ಹೋಗಿ ಬಿಸಿಲಿಗೆ ಹಾಗಾಗಿದೆ ಎಂದು ಅವ್ವ ಕಡಲೆಹಿಟ್ಟು ಅರಿಸಿನ ಕಲಸಿ ಕೊಟ್ಟಳು. ಎರಡು ಮನೆಯ ನೀರು ತುಂಬಿದರೂ ದಣಿಯದಿದ್ದವರು ಒಂದು ಕೊಡ ಎತ್ತಿ ಗೋಡೆ ಹಿಡಿದು ನಿಲ್ಲುತ್ತಿದ್ದರು. ಬೆಳಿಗ್ಗೆ ಚಹಾ ಕುಡಿಯುವವರೆಗೆ ಕೈ ನಡುಗುತ್ತಿತ್ತು. ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಅಂದರು. ಗುಳಿಗೆ ತಂದೆವು.

ಅದೇ ಹೊತ್ತಿಗೆ ಅವ್ವನಿಗೆ ಬಿಪಿ ಏರಿತು. ಒಂದು ದಿನ ತರಕಾರಿ ತರಲು ಹೋದವಳು ತಲೆ ತಿರುಗಿ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕುಳಿತಳಂತೆ. ಡಾಕ್ಟರು ಉಪ್ಪು ಅರ್ಧಕ್ಕೆ ಇಳಿಸಿ ಎಂದರು. ಅಡುಗೆ ಮಾಡುತ್ತಿದ್ದವರು ವೈನಿ. ಅವರ ಬಾಯಿಗೆ ಸರಿಯೆನಿಸಿದ ಬೇಳೆ ನಮ್ಮ ಬಾಯಿಗೆ ಉಪ್ಪುಪ್ಪು. ಅವ್ವ ಹೇಳಿ ನೋಡಿದಳು, ಬೈದು ನೋಡಿದಳು. ಕೊನೆಗೆ ಉಪ್ಪಿನ ಡಬ್ಬಿಯನ್ನು ತನ್ನ ಕಪಾಟಿನಲ್ಲಿಟ್ಟುಕೊಂಡು, ದಿನಾ ಬೆಳಿಗ್ಗೆ ಒಂದು ಬಟ್ಟಲಲ್ಲಿ ಅಳೆದು ಕೊಡತೊಡಗಿದಳು. ಅವ್ವನದು ತಪ್ಪು ಅನ್ನಲು ಆಗ ನನಗೆ ಕಾರಣವಿರಲಿಲ್ಲ. ಅವಳಿಗೆ ಜೀವಭಯವಿತ್ತು.

ಒಂದು ಸಂಜೆ ವೈನಿ ನನ್ನನ್ನು ಕೋಣೆಗೆ ಕರೆದರು.

"ಕಿರಾಣಿ ಅಂಗಡ್ಯಾಗಿಂದ ಒಂದು ಪಾಕೀಟು ಉಪ್ಪು ತಂದುಕೊಡ್ತೀ ಏನು? ನಾ ಅಡಿಗ್ಯಾಗ ಹಾಕೂದಿಲ್ಲ. ನಂಗಷ್ಟ."

"ಅಷ್ಟು ಉಪ್ಪು ತಿಂದ್ರ ಏನರ ಆದೀತ್ರಿ ವೈನಿ."

"ತಿನ್ನಲಿಲ್ಲಂದ್ರ ಎದಿ ಹಾರತೈತಿ. ಕಣ್ಣಿಗೆ ಕತ್ತಲಿ ಬರತೈತಿ. ಹೆಂಗ ಹೇಳಲಿ ನಿನಗ? ನೀರಡಿಕಿ ಆದಂಗ ಇದು."

ತಂದುಕೊಟ್ಟೆ. ಎರಡನೆಯ ಸಲವೂ ತಂದುಕೊಟ್ಟೆ. ಮೂರನೆಯ ಸಲ ಕೇಳಿದ ದಿನ ಅವ್ವನ ಬಿಪಿ ಮತ್ತೆ ಹೆಚ್ಚಾಗಿತ್ತು. ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. "ನಾ ಅಳತಿ ಮಾಡಿ ಕೊಡ್ತೀನಿ, ಆದ್ರೂ ಯಾಕ ಏರತೈತಿ?" ಎಂದು ನನ್ನ ಕೈ ಹಿಡಿದು ಕೇಳಿದಳು. ವೈನಿ ಕದ್ದು ಅಡುಗೆಗೆ ಹಾಕುತ್ತಿರಬಹುದೇ ಎಂಬ ಅನುಮಾನ ನನಗೆ ಬಂತು. ಹಾಸಿಗೆಯ ಸುರುಳಿಯೊಳಗೆ ಉಪ್ಪಿನ ಪ್ಯಾಕೆಟ್ ಇದೆ ಎಂದು ಹೇಳಿಬಿಟ್ಟೆ.

ಅಣ್ಣ ಡ್ಯೂಟಿಯಿಂದ ಬರುವವರೆಗೆ ಅವ್ವ ಕಾದಳು. ಅವನ ಎದುರಿಗೇ ಹಾಸಿಗೆ ಬಿಚ್ಚಿಸಿದಳು. ಅರ್ಧ ಖಾಲಿಯಾದ ಪ್ಯಾಕೆಟ್ ನೆಲಕ್ಕೆ ಬಿತ್ತು.

"ನನ್ನ ಕೊಲ್ಲಾಕ ಇಟ್ಟೀ ಏನು ಇದನ್ನ?"

"ಇಲ್ರಿ ಅತ್ತಿ. ದೇವರಾಣಿ, ಅಡಿಗಿಗೆ ಒಂದು ಹಳ್ಳೂ ಹಾಕಿಲ್ಲ. ನನ್ನ ಬಾಯಿ ಕೇಳತೈತ್ರಿ."

"ಬಾಯಿ ಕೇಳತೈತಂತ! ಕೇಳಿದ್ದೆಲ್ಲಾ ಕೊಡಾಕ ಇದೇನು ಸಣ್ಣ ಕೂಸಿನ ಬಾಯಿ ಏನು?"

ವೈನಿ ಅಣ್ಣನ ಕಡೆ ನೋಡಿದರು. ಅಣ್ಣ ಕೆಟ್ಟವನಲ್ಲ. ಎಂಟು ಗಂಟೆ ನಿಂತು ಕೆಲಸ ಮಾಡಿ ಬಂದಿದ್ದ, ಇನ್ನೂ ಕಾಲಿನ ಬೂಟು ಬಿಚ್ಚಿರಲಿಲ್ಲ. "ಸ್ವಲ್ಪ ಬಾಯಿ ಕಟ್ಟಬಾರದ? ಅವ್ವಗ ಆರಾಮಿಲ್ಲಂತ ಗೊತ್ತೈತಿಲ್ಲ" ಎಂದ. ವೈನಿ ನೆಲ ನೋಡುತ್ತ, "ಆತ್ರಿ, ಇನ್ನ ತಿನ್ನೂದಿಲ್ಲ" ಎಂದರು. ನನ್ನ ಕಡೆ ನೋಡಲಿಲ್ಲ. ಯಾರು ಹೇಳಿದ್ದೆಂದು ಅವರಿಗೆ ಗೊತ್ತಿತ್ತು.

ಮಾತು ಉಳಿಸಿಕೊಂಡರು. ಹನ್ನೊಂದು ದಿನ ನಾವು ತಿನ್ನುವ ಸಪ್ಪೆ ಬೇಳೆಯನ್ನೇ ತಿಂದರು. ಏಪ್ರಿಲ್ ತಿಂಗಳು, ಬಿಸಿಲು ಕಾದ ಹೆಂಚಿನಂತೆ. ಎಲ್ಲರೂ ಬೆವರಿನಲ್ಲಿ ತೊಯ್ಯುತ್ತಿದ್ದೆವು. ಮೊದಲ ನಾಲ್ಕೈದು ದಿನ ಅವ್ವ, "ನೋಡು, ಮನಸ್ಸು ಮಾಡಿದ್ರ ಆಗತೈತಿ" ಎಂದಳು. ಆಮೇಲೆ ವೈನಿ ಮಾತಾಡುವುದು ಕಡಿಮೆಯಾಯಿತು. ಕರೆದರೆ ಓ ಅನ್ನಲು ಹೊತ್ತಾಗುತ್ತಿತ್ತು. ಮುನಿಸು ಅಂದುಕೊಂಡೆವು.

ಹನ್ನೆರಡನೆಯ ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಬಚ್ಚಲಲ್ಲಿ ಬಕೆಟ್ ಉರುಳಿದ ಸಪ್ಪಳ ಕೇಳಿತು. ವೈನಿ ಗೋಡೆಗೆ ಒರಗಿ ಬಿದ್ದಿದ್ದರು. ಮೈ ತಣ್ಣಗೆ, ತುಟಿ ಬಿಳಿಚಿಕೊಂಡಿತ್ತು. ನನ್ನನ್ನು ನೋಡಿ ತಮ್ಮ ತಂಗಿಯ ಹೆಸರು ಹಿಡಿದು ಕರೆದರು. ಅಣ್ಣ ಅವರನ್ನು ಎತ್ತಿಕೊಂಡೇ ರಸ್ತೆಗೆ ಓಡಿದ. ಎತ್ತಿದಾಗ ಭಾರವೇ ಇರಲಿಲ್ಲ ಎಂದು ಅವನು ಆಮೇಲೆ ಎಷ್ಟೋ ಸಲ ಹೇಳಿದ್ದಾನೆ.

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದವರು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಬಿಪಿ ಸಿಗುತ್ತಲೇ ಇಲ್ಲ ಎಂದು ನರ್ಸು ಹೇಳಿದಾಗ ಅವರೇ ಬಂದು ನೋಡಿದರು. ರಕ್ತ ತೆಗೆದು ಕಳಿಸಿ, ಸಲೈನ್ ಹಾಕಿಸಿದರು. ಆಮೇಲೆ ವೈನಿಯ ಅಂಗೈ ಬಿಡಿಸಿ ಗೆರೆಗಳನ್ನು ನೋಡಿದರು. ಜ್ಯೋತಿಷಿ ನೋಡುವ ಹಾಗೆ ಕಂಡು ನನಗೆ ಸಿಟ್ಟೇ ಬಂತು. ಗೆರೆಗಳು ಮಸಿಯಿಂದ ಎಳೆದಂತೆ ಕಪ್ಪಗಿದ್ದವು. ತುಟಿ ಎತ್ತಿ ಒಸಡು ನೋಡಿದರು, ಅಲ್ಲೂ ಕಪ್ಪು ಕಲೆಗಳು. ತಿರುಗಿ ತೆಲುಗಿನಲ್ಲಿ ನಮ್ಮನ್ನು ಕೇಳಿದರು.

"ಉಪ್ಪು ಎಕ್ಕುವಗಾ ತಿಂಟುಂದಾ?"

ಉಪ್ಪು ಜಾಸ್ತಿ ತಿನ್ನುತ್ತಾಳೆಯೇ ಎಂಬ ಅಷ್ಟು ಸಾದಾ ಪ್ರಶ್ನೆ. ಅವ್ವ ನನ್ನ ಮುಖ ನೋಡಿದಳು. ಅಣ್ಣ ಗೋಡೆ ನೋಡಿದ. ಉತ್ತರ ಕೊಟ್ಟವಳು ನಾನು. ತಿನ್ನುತ್ತಿದ್ದರು, ಮುಷ್ಟಿಗಟ್ಟಲೆ ತಿನ್ನುತ್ತಿದ್ದರು, ಹನ್ನೊಂದು ದಿನದಿಂದ ನಾವೇ ಬಿಡಿಸಿದ್ದೇವೆ ಎಂದೆ. ಡಾಕ್ಟರು ಬೈಯಲಿಲ್ಲ. ಅದನ್ನೂ ಕೇಸ್ ಪೇಪರಿನಲ್ಲಿ ಬರೆದುಕೊಂಡು, ಓಡುತ್ತಲೇ ಇಂಜೆಕ್ಷನ್ ತರಿಸಲು ಹೋದರು.

ಎರಡು ದಿನಗಳ ಮೇಲೆ ಹಾರ್ಮೋನಿನ ದೊಡ್ಡ ಡಾಕ್ಟರು ವೈನಿಯ ಹಾಸಿಗೆಯ ಪಕ್ಕ ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಎರಡು ಸಣ್ಣ ಗ್ರಂಥಿಗಳಿರುತ್ತವೆ. ಅವುಗಳ ಹಾರ್ಮೋನು ಮೈಯಲ್ಲಿ ಉಪ್ಪನ್ನು ಹಿಡಿದಿಡುತ್ತದೆ, ರಕ್ತದ ಒತ್ತಡ ಮತ್ತು ಸಕ್ಕರೆ ಬೀಳದಂತೆ ಕಾಯುತ್ತದೆ. ವೈನಿಯ ಗ್ರಂಥಿಗಳು ಸತ್ತುಹೋಗಿದ್ದವು. ತಿಂದ ಉಪ್ಪೆಲ್ಲ ಮೂತ್ರದಲ್ಲಿ ಹರಿದುಹೋಗುತ್ತಿತ್ತು. ಹೋದಷ್ಟನ್ನು ತುಂಬಿಕೊಳ್ಳಲು ಮೈ ನಾಲಗೆಯ ಮೂಲಕ ಕೇಳುತ್ತಿತ್ತು. ನೀರಿನೊಳಗಿನ ಚೂರು ಉಪ್ಪನ್ನೂ ಪತ್ತೆಹಚ್ಚುವಷ್ಟು ನಾಲಗೆ ಚುರುಕಾಗುವುದೂ ಇದರಲ್ಲಿ ಉಂಟಂತೆ.

"ಇಷ್ಟು ದಿನ ಈಕೆ ಬದುಕಿದ್ದೇ ಆ ಉಪ್ಪಿನಿಂದ" ಎಂದರು ಡಾಕ್ಟರು.

ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದಳು.

ಹಿಂದೆ ಟಿಬಿ ಆಗಿತ್ತೇ ಎಂದು ಡಾಕ್ಟರು ಕೇಳಿದರು, ಈ ಗ್ರಂಥಿಗಳನ್ನು ತಿನ್ನುವುದು ಹೆಚ್ಚಾಗಿ ಅದೇ. ವೈನಿ ಹಾಸಿಗೆಯಲ್ಲೇ ತಲೆಯಾಡಿಸಿದರು. ಹನ್ನೆರಡನೆಯ ವಯಸ್ಸಿನಲ್ಲಿ ಆಗಿತ್ತು, ಗುಳಿಗೆ ತಿಂದು ವಾಸಿಯಾಗಿತ್ತು, ಮದುವೆಯ ಹೊತ್ತಿಗೆ ತವರಿನವರು ಮುಚ್ಚಿಟ್ಟಿದ್ದರು. ಅವ್ವನಿಗೆ ಹಿಡಿದುಕೊಳ್ಳಲು ಒಂದು ಹುಲ್ಲುಕಡ್ಡಿ ಸಿಕ್ಕಿತು. "ಮೊದಲಽ ಹೇಳಿದ್ರ ನಾವು ಹಿಂಗ ಮಾಡ್ತಿದ್ವ್ಯಾ?" ಎಂದು ಕಾರಿಡಾರಿನಲ್ಲಿ ಅತ್ತಳು. ಆ ಅಳು ಸುಳ್ಳಲ್ಲ. ಆದರೆ ಆ ಮಾತನ್ನು ಅವಳು ಆಮೇಲೂ ಆಡುತ್ತಲೇ ಇದ್ದಳು, ಬಂದವರೆದುರು, ಹೋದವರೆದುರು.

ವಾರ್ಡಿನಲ್ಲಿ ವೈನಿಯ ಪಕ್ಕ ನಾನು ಒಬ್ಬಳೇ ಕುಳಿತ ಒಂದು ಮಧ್ಯಾಹ್ನ ಅವರೇ ಮಾತು ತೆಗೆದರು.

"ಉಪ್ಪು ಕೊಡಲಿಲ್ಲಂತ ನನಗ ಸಿಟ್ಟಿಲ್ಲವಾ. ಅತ್ತಿಗೂ ಜೀವದ ಅಂಜಿಕಿ ಇತ್ತು. ಆದ್ರ ನಾ ಖರೇನ ಹೇಳಾಕತ್ತಿದ್ದೆ."

"ಹೌದ್ರಿ ವೈನಿ" ಎಂದೆ. ಅದರ ಮುಂದೆ ಹೇಳಬೇಕಾದ ಮಾತೊಂದಿತ್ತು. ನರ್ಸು ಬಂದಳು, ಸಲೈನ್ ಬಾಟಲಿ ಬದಲಾಯಿಸಿದಳು. ಇನ್ನೊಮ್ಮೆ ಹೇಳಿದರಾಯಿತು ಅಂದುಕೊಂಡೆ.

ಗುಳಿಗೆ ಶುರುವಾದ ಮೇಲೆ ವೈನಿ ಬೇರೆಯೇ ಆದರು. ಮೈ ತುಂಬಿತು, ಕಪ್ಪು ನಿಧಾನಕ್ಕೆ ತಿಳಿಯಾಯಿತು. ಎರಡು ವಾರಗಳೊಳಗೆ ಉಪ್ಪಿನ ಹಂಬಲ ತಾನಾಗಿಯೇ ಹೋಯಿತು. ತಾವೇ ಹಾಕಿದ್ದ ಮಾವಿನಕಾಯಿ ಉಪ್ಪಿನಕಾಯಿ ಬಾಯಿಗಿಟ್ಟು, "ಇಷ್ಟು ಉಪ್ಪು ಹೆಂಗ ತಿಂದೆ ನಾನು" ಎಂದು ಮುಖ ಕಿವುಚಿದರು. ನಾನು ಒಂದು ದಿನ ಟ್ಯಾಂಕರಿನ ನೀರು, ನಲ್ಲಿಯ ನೀರು ಎರಡನ್ನೂ ಕೊಟ್ಟು ನೋಡಿದೆ. ಎರಡನ್ನೂ ಕುಡಿದು ಲೋಟ ಕೆಳಗಿಟ್ಟರು.

"ಗೊತ್ತಾಗವಲ್ದು. ಈಗ ನೀರು ಬರೇ ನೀರಾಗ್ಯಾವು."

ಸಂತೋಷದ ಮಾತೇ ಅದು. ಆದರೆ ಹೇಳುವಾಗ ಅವರ ದನಿಯಲ್ಲಿ ಸಂತೋಷವಿರಲಿಲ್ಲ. ಗುಳಿಗೆಯ ಮೇಲೆ ನಿಂತ ಜೀವ ಅದು, ದಿನಕ್ಕೆ ಮೂರು ಹೊತ್ತು. ಜ್ವರ ಬಂದರೆ ಎರಡು ಪಟ್ಟು ತೆಗೆದುಕೊಳ್ಳಬೇಕು. ವಾಂತಿಯಾಗಿ ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡಮಾಡದೆ ಇಂಜೆಕ್ಷನ್ ಆಗಬೇಕು. ಅದಕ್ಕಾಗಿ ಒಂದು ಇಂಜೆಕ್ಷನ್ನನ್ನೂ, ಕಾಯಿಲೆಯ ವಿವರ ಬರೆದ ಕಾರ್ಡನ್ನೂ ಕೊಟ್ಟಿದ್ದರು. ಎಲ್ಲಿಗೆ ಹೋದರೂ ಜೊತೆಗಿರಬೇಕು ಎಂದಿದ್ದರು. ಅವ್ವ ದಿನಾ ಮೂರು ಸಲ ಕೇಳುತ್ತಿದ್ದಳು. "ಗುಳಿಗಿ ತಗೊಂಡಿ?" ಅಷ್ಟೇ. ಅದಕ್ಕಿಂತ ಹೆಚ್ಚಿನ ಮಾತು ಅವಳ ಬಾಯಲ್ಲಿ ಬರಲಿಲ್ಲ. ವೈನಿಯೂ "ಹೂಂ ರಿ" ಎನ್ನುತ್ತಿದ್ದರು, ಅಷ್ಟೇ. ಮಕ್ಕಳ ಆಸೆಗೆ ಡಾಕ್ಟರು ಇಲ್ಲವೆಂದಿರಲಿಲ್ಲ, ನೋಡೋಣ ಎಂದಿದ್ದರು. ಮನೆಯಲ್ಲಿ ಮತ್ತೆ ಯಾರೂ ಆ ಸುದ್ದಿ ಎತ್ತಲಿಲ್ಲ. ಅಣ್ಣನೂ ಮೆಟ್ಟಿಲ ಮೇಲೆ ಕುಳಿತು ಮಾತಾಡುವುದನ್ನು ಬಿಟ್ಟ.

ಹೀಗೆ ಮೂರು ವರ್ಷ ನಡೆಯಿತು.

ವೈನಿಯ ಅಣ್ಣನ ಮಗಳ ಮದುವೆ ವಿಜಯಪುರದ ಹತ್ತಿರದ ಅವರ ತವರೂರಿನಲ್ಲಿತ್ತು. ಅಣ್ಣನಿಗೆ ರಜೆ ಸಿಗದೆ, ಮದುವೆಯ ದಿನಕ್ಕೆ ಬರುತ್ತೇನೆಂದು ವೈನಿಯನ್ನು ಎರಡು ದಿನ ಮೊದಲೇ ಕಳಿಸಿದ. ಬ್ಯಾಗು ಕಟ್ಟುವಾಗ ನಾನು ಇದ್ದೆ. ಇಂಜೆಕ್ಷನ್ನೂ ಕಾರ್ಡೂ ಇದ್ದ ಡಬ್ಬಿ ಮೇಜಿನ ಮೇಲಿತ್ತು.

"ಇದನ್ನ ಇಟ್ಟುಕೊಳ್ರಿ ವೈನಿ."

"ಬ್ಯಾಡವಾ. ಅಲ್ಲಿ ಗಂಡಿನ ಕಡೆಯವರು ಇರ್ತಾರ. ಮದುಮಗಳ ಸ್ವಾದರತ್ತಿ ಮೈಯಾಗ ಬ್ಯಾನಿ ಐತಂತ, ಸೂಜಿ ಹಿಡಕೊಂಡು ತಿರಗತಾಳಂತ ಅಂದ್ರ ಹುಡುಗಿಗೆ ಅಡ್ಡಾಗತೈತಿ. ಗುಳಿಗಿ ಅದಾವಲ್ಲ, ಸಾಕು."

ಅವರ ಮಾತಿನಲ್ಲಿ ಹಟವಿರಲಿಲ್ಲ. ತವರಿನವರು ಟಿಬಿ ಮುಚ್ಚಿಟ್ಟದ್ದಕ್ಕೆ ಮೂರು ವರ್ಷ ನಮ್ಮ ಮನೆಯಲ್ಲಿ ಚುಚ್ಚುಮಾತು ಕೇಳಿದವರು, ಈಗ ಇನ್ನೊಂದು ಹುಡುಗಿಗಾಗಿ ತಾವೇ ಮುಚ್ಚಿಡುತ್ತಿದ್ದರು. ನಾನು ಹಟ ಮಾಡಿ ಬ್ಯಾಗಿಗೆ ತುರುಕಬಹುದಿತ್ತು. ನನಗೆ ಶಾಲೆಗೆ ಹೊತ್ತಾಗಿತ್ತು.

ಮದುವೆಯ ಹಿಂದಿನ ಬೆಳಿಗ್ಗೆ ಅವರಿಗೆ ವಾಂತಿಭೇದಿ ಹತ್ತಿಕೊಂಡಿತು. ಊಟದಲ್ಲಿ ಏನೋ ಹೆಚ್ಚುಕಡಿಮೆಯಾಗಿ ಇನ್ನೂ ನಾಲ್ಕೈದು ಜನರಿಗೆ ಆಗಿತ್ತಂತೆ. ಉಳಿದವರು ಲಿಂಬೆ ಶರಬತ್ತು ಕುಡಿದು ಎದ್ದು ಓಡಾಡಿದರು. ವೈನಿ ನುಂಗಿದ ಗುಳಿಗೆಯೆಲ್ಲ ಹೊರಗೆ ಬಂತು. "ನೀವು ಕೆಲಸ ನೋಡ್ರಿ, ನಾ ಒಂದೀಟು ಮಲಗತೀನಿ" ಎಂದು ಒಳಕೋಣೆಗೆ ಹೋದರಂತೆ. ಮನೆ ತುಂಬ ಬಳೆ ತೊಡಿಸುವ ಗದ್ದಲ. ಮಧ್ಯಾಹ್ನ ಯಾರೋ ಊಟಕ್ಕೆ ಎಬ್ಬಿಸಲು ಹೋದಾಗ ಅವರಿಗೆ ಎಚ್ಚರವಿರಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

ನಾವು ಹೋಗುವ ಹೊತ್ತಿಗೆ ಚಪ್ಪರವನ್ನು ಅರ್ಧ ಬಿಚ್ಚಿದ್ದರು. ಮದುವೆಯನ್ನು ಮುಂದೆ ಹಾಕಿದ್ದರು. ಅವ್ವ ವೈನಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ವೈನಿಯ ತಾಯಿ ನಮ್ಮನ್ನು ಕೇಳಿದ್ದು ಒಂದೇ. "ವಾಂತಿಗೆ ಯಾರರ ಸಾಯ್ತಾರೇನವ್ವಾ?" ಕಾಯಿಲೆಯ ಹೆಸರೂ ಆಕೆಗೆ ಗೊತ್ತಿರಲಿಲ್ಲ. ಮಗಳು ತವರಿಗೂ ಹೇಳಿರಲಿಲ್ಲ. ನಾನು ವಿವರಿಸಲು ಹೋದೆ, ಅರ್ಧಕ್ಕೆ ಬಿಟ್ಟೆ.

ಅಂದು ವಾರ್ಡಿನಲ್ಲಿ ಇನ್ನೊಮ್ಮೆ ಹೇಳಿದರಾಯಿತು ಅಂದುಕೊಂಡ ಮಾತು, ನನ್ನದು ತಪ್ಪಾಯಿತು ವೈನಿ ಎಂಬುದು. ಮೂರು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಇದ್ದೆವು. ಹೇಳಲಿಲ್ಲ. ಅವರು ನಗುತ್ತ ಮಾತಾಡಿಸುತ್ತಿದ್ದರು, ಮರೆತಿದ್ದಾರೆ ಎಂದು ನಾನೇ ನಂಬಿಕೊಂಡಿದ್ದೆ.

ಮುಂದಿನ ತಿಂಗಳು ವೈನಿಯನ್ನು ಡಾಕ್ಟರಿಗೆ ತೋರಿಸುವ ತಾರೀಖಿತ್ತು. ಆ ದಿನ ಅಣ್ಣ ರಜೆ ಹಾಕಿದ. "ಹೋಗಿ ಹೇಳಿ ಬರೂಣು ಬಾ" ಎಂದ. ಫೋನಿನಲ್ಲಿ ಹೇಳಿದರೂ ಆದೀತು ಅಂದೆ. ಅವನು ಆಗಲೇ ಚಪ್ಪಲಿ ಮೆಟ್ಟಿದ್ದ. ಇಬ್ಬರೂ ಹೋಗಿ ಚೀಟಿ ತೆಗೆದುಕೊಂಡು, ಉಳಿದವರ ಸಾಲಿನಲ್ಲೇ ಕುಳಿತೆವು. ಥೈರಾಯಿಡಿನವರು, ಸಕ್ಕರೆಯವರು, ದಪ್ಪಗಾದ ಮಕ್ಕಳನ್ನು ಕರೆತಂದ ತಾಯಂದಿರು. ಎರಡು ಗಂಟೆಯ ಮೇಲೆ ವೈನಿಯ ಹೆಸರು ಕೂಗಿದರು. ಅಣ್ಣ ಎದ್ದ.

ಡಾಕ್ಟರು ಫೈಲು ತೆರೆದು, ತಲೆ ಎತ್ತಿ, ಪೇಷಂಟ್ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದರು. ಅಣ್ಣ ಹೇಳಿದ. ಅವರು ಪೆನ್ನಿಗೆ ಕ್ಯಾಪು ಹಾಕಿದರು. ಎಷ್ಟು ಸಲ ವಾಂತಿಯಾಯಿತು, ಎಷ್ಟು ಹೊತ್ತಿನ ಮೇಲೆ ಕರೆದೊಯ್ದರು, ಇಂಜೆಕ್ಷನ್ ಇತ್ತೇ ಎಂದು ಕೇಳಿದರು.

"ಮನ್ಯಾಗಿತ್ತು" ಎಂದು ಅಣ್ಣ ಕನ್ನಡದಲ್ಲೇ ಹೇಳಿ, ಆಮೇಲೆ ಹಿಂದಿಯಲ್ಲಿ ಹೇಳಿದ.

ಡಾಕ್ಟರು ಮತ್ತೆ ಪೆನ್ನು ತೆರೆದು ಫೈಲಿನ ಕೊನೆಯ ಹಾಳೆಯಲ್ಲಿ ಒಂದು ಸಾಲು ಬರೆದರು. ಹೊರಗೆ ಮುಂದಿನವರ ಹೆಸರು ಕೂಗಿದರು. ನಾವು ಎದ್ದು ಬಂದೆವು. ಮನೆಗೆ ಮರಳುವಾಗ ಉಪ್ಪಲ್ ಕ್ರಾಸಿನಲ್ಲಿ ಅಣ್ಣ ಆಟೋ ನಿಲ್ಲಿಸಿ ಇಳಿದುಕೊಂಡ. ನಡೆದುಕೊಂಡು ಬರುತ್ತೇನೆ, ನೀನು ಹೋಗು ಎಂದ. ಅಲ್ಲಿಂದ ಮನೆ ಬಹಳ ದೂರ. ಬೇಡ ಅನ್ನುವಷ್ಟರಲ್ಲಿ ಅವನು ಮೆಟ್ರೋ ಕಂಬಗಳ ಕೆಳಗೆ, ಜನರ ನಡುವೆ ಸೇರಿಹೋಗಿದ್ದ.